ಒಂಟಿ ಕೈಗವಸಿಗೆ ಐದು ಅಂಕ

ನಮ್ಮ ಪತ್ರಿಕೆಯಲ್ಲಿ ಅಂಕ ಮೊದಲು, ಬರಹ ಆಮೇಲೆ. ಆಟ ಆಡಿ ಮುಗಿಸಿದ ದಿನವೇ ಹತ್ತಕ್ಕೆ ಎಷ್ಟು ಎಂದು ಚೀಟಿಯಲ್ಲಿ ಬರೆದು, ಕೆಳಗೆ ಹೆಸರು ಹಾಕಿ, ಆಫೀಸಿನ ಅಡುಗೆಕೋಣೆಯ ಕಪಾಟಿನ ಮೇಲಿರುವ ಹಳೆಯ ಕಾಫಿ ಡಬ್ಬಿಗೆ ಹಾಕಬೇಕು. ಹಾಕಿದ ಚೀಟಿ ಮತ್ತೆ ಕೈಗೆ ಬರುವುದಿಲ್ಲ. ಗುರುವಾರ ಮಧ್ಯಾಹ್ನ ಮೂರರ ಕಾಫಿಗೆ ಎಲ್ಲರೂ ಸೇರಿದಾಗ ಸಂಪಾದಕ ಡಬ್ಬಿ ಬೋರಲು ಹಾಕಿ ಓದುತ್ತಾನೆ. ಅದೇ ಅಚ್ಚಾಗುತ್ತದೆ. ಬರೆಯುತ್ತಾ ಬರೆಯುತ್ತಾ ಮನುಷ್ಯ ತನ್ನ ವಾಕ್ಯಗಳಿಗೆ ತಾನೇ ಮರುಳಾಗಿ ಆರನ್ನು ಎಂಟು ಮಾಡಿಬಿಡುತ್ತಾನೆ ಎಂಬುದು ಪತ್ರಿಕೆ ಶುರುಮಾಡಿದವನ ಅನುಮಾನವಾಗಿತ್ತು. ಅವನು ಸತ್ತು ಹನ್ನೊಂದು ವರ್ಷವಾಯಿತು, ಡಬ್ಬಿ ಹಾಗೇ ಇದೆ. ಇಪ್ಪತ್ತಾರು ವರ್ಷಗಳಲ್ಲಿ ನಾನು ಅದಕ್ಕೆ ಸಾವಿರಕ್ಕೂ ಹೆಚ್ಚು ಚೀಟಿ ಹಾಕಿದ್ದೇನೆ. ಈ ಫೆಬ್ರುವರಿಯವರೆಗೆ ಒಂದನ್ನೂ ವಾಪಸ್ ತೆಗೆಯಬೇಕು ಅನ್ನಿಸಿರಲಿಲ್ಲ.

ನನ್ನ ಹೆಸರು ಫೋಲ್ಕೆ, ವಯಸ್ಸು ಐವತ್ತಮೂರು. ನೆಗೆತದ ಆಟಗಳ ವಿಮರ್ಶೆ ನನ್ನ ಪಾಲಿನದು. ಪರದೆಯ ಮೇಲೆ ಒಂದು ಪುಟ್ಟ ಪ್ರಾಣಿಯೋ ಗೊಂಬೆಯೋ ಹಲಗೆಯಿಂದ ಹಲಗೆಗೆ ಹಾರುತ್ತಾ ಹೋಗುತ್ತದಲ್ಲ, ಆ ಜಾತಿಯ ವಿಡಿಯೊ ಗೇಮುಗಳು. ಅವುಗಳಲ್ಲಿ ಕಥೆ ಕೆಟ್ಟಿದ್ದರೂ ನಡೆಯುತ್ತದೆ, ಸಂಗೀತ ಕೆಟ್ಟಿದ್ದರೂ ನಡೆಯುತ್ತದೆ, ನೆಗೆತ ಕೆಟ್ಟರೆ ನಡೆಯುವುದಿಲ್ಲ. ಬಟನ್ ಒತ್ತಿದ್ದಕ್ಕೂ ಕಾಲು ನೆಲ ಬಿಟ್ಟದ್ದಕ್ಕೂ ನಡುವೆ ಎಷ್ಟು ಹೊತ್ತು ಎಂಬುದನ್ನು ನನ್ನ ಬಲ ಹೆಬ್ಬೆರಳು ಹೇಳಿಬಿಡುತ್ತಿತ್ತು. ಬೇರೆ ವಿಷಯದಲ್ಲಿ ನನಗೆ ಹೇಳಿಕೊಳ್ಳುವಂಥ ಜಂಬವಿಲ್ಲ. ಈ ಹೆಬ್ಬೆರಳಿನ ವಿಷಯದಲ್ಲಿ ಇತ್ತು.

ಕಳೆದ ಅಕ್ಟೋಬರಿನಲ್ಲಿ ಆ ಜಂಬಕ್ಕೆ ಮೊದಲ ಏಟು ಬಿತ್ತು. ಯಾವುದೋ ಸಾಧಾರಣ ಆಟದಲ್ಲಿ ಒಂದು ಸಾಧಾರಣ ಕಂದಕ ದಾಟಲಾಗದೆ ಏಳು ಸಲ ಬಿದ್ದೆ. ಪಕ್ಕದ ಮೇಜಿನ ಲೋವಿಸಾ ತಿರುಗಿ ನೋಡಿದಳು. ಅವಳಿಗೆ ಇಪ್ಪತ್ತೇಳು. ಓಟದ ಆಟ, ಯುದ್ಧದ ಆಟ ಅವಳ ವಿಭಾಗ.

"ಏನ್ ಫೋಲ್ಕೆ, ಕನ್ನಡಕ ಮನೇಲೇ ಬಿಟ್ ಬಂದ್ಯಾ?"

"ಹಾಕ್ಕೊಂಡೇ ಇದೀನಲ್ಲ, ಕಾಣಲ್ವಾ ನಿಂಗೆ?"

"ಅಯ್ಯೋ, ಹಾಗಾದ್ರೆ ಇನ್ನೂ ಕಷ್ಟ," ಎಂದು ನಕ್ಕಳು. ನಗೆಯಲ್ಲಿ ಕೆಡುಕಿರಲಿಲ್ಲ. ಆದರೂ ಅಂದಿನಿಂದ ನಾನು ನನ್ನ ಕೈಗಳನ್ನೇ ನೋಡತೊಡಗಿದೆ. ಚಹಾ ಲೋಟ ಹಿಡಿದಾಗ, ಅಂಗಿಯ ಗುಂಡಿ ಹಾಕುವಾಗ, ಬಸ್ಸಿನಲ್ಲಿ ಸುಮ್ಮನೆ ಕೂತಾಗ. ಜನವರಿಯಲ್ಲಿ ಸಂಪಾದಕ ತ್ಯೂರೆ ಒಮ್ಮೆ ನನ್ನ ಮೇಜಿನ ಹತ್ತಿರ ನಿಂತ. ಒಳ್ಳೆಯವನು, ಕಷ್ಟದ ಮಾತನ್ನು ಹೇಳುವಾಗ ಕಿಟಕಿಯ ಕಡೆ ನೋಡುತ್ತಾನೆ.

"ಲೋವಿಸಾಗೂ ನೆಗೆತದ ಆಟದ್ ಮೇಲೆ ಆಸೆ ಇದೆ. ನಿಂಗೇನಾದ್ರೂ ಭಾರ ಆಗ್ತಿದ್ರೆ ಹೇಳು."

"ಭಾರ ಆಗ್ತಿದೆ ಅಂತ ಯಾರಂದ್ರು?"

"ಯಾರೂ ಅನ್ಲಿಲ್ಲ ಮಾರಾಯ. ಕೇಳ್ದೆ ಅಷ್ಟೆ."

ನಮ್ಮ ಕಡೆ ಯಾರನ್ನೂ ಕೆಲಸದಿಂದ ತಳ್ಳುವುದಿಲ್ಲ, ಭಾರವೇ ಎಂದು ವಿಚಾರಿಸುತ್ತಾರೆ. ಎರಡನೇ ಸಲ ವಿಚಾರಿಸಿದಾಗ ಹೌದು ಅನ್ನಬೇಕು, ಅದು ಮರ್ಯಾದೆ. ನೆಗೆತದ ಆಟ ಬಿಟ್ಟರೆ ನನಗೆ ಉಳಿಯುವುದು ಒಗಟಿನ ಆಟ, ಮೀನು ಹಿಡಿಯುವ ಆಟ, ರೈಲು ಓಡಿಸುವ ಆಟ. ಅವುಗಳ ಬಗ್ಗೆ ಬರೆಯಲು ನನಗೆ ಬರುತ್ತದೆ. ಬದುಕಿರಲು ಸಾಕಾಗುತ್ತದೋ ಇಲ್ಲವೋ ಗೊತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಬಂತು 'ಒಂಟಿ ಕೈಗವಸು'.

ಉತ್ತರದ ಊರಿನ ಮೂವರು ಸೇರಿ ಐದು ವರ್ಷ ಕೂತು ಮಾಡಿದ ಆಟ ಅದು. ಬಿಡುಗಡೆಗೆ ಎರಡು ವಾರ ಮೊದಲೇ ನಮಗೆ ಕಳಿಸಿದ್ದರು. ನಾಯಕಿ ಒಂದು ಕೆಂಪು ಉಣ್ಣೆಯ ಕೈಗವಸು, ಎಡಗೈಯದು. ಮಗುವಿನ ಕೈಯಿಂದ ಬಸ್ ನಿಲ್ದಾಣದಲ್ಲಿ ಜಾರಿ ಬಿದ್ದಿರುತ್ತದೆ. ದಾರಿಹೋಕ ಯಾರೋ ಎತ್ತಿ, ನಾವೆಲ್ಲ ಮಾಡುವಂತೆ, ಕಳೆದುಕೊಂಡವರಿಗೆ ಕಾಣಲೆಂದು ಹತ್ತಿರದ ಬೇಲಿಗೂಟಕ್ಕೆ ತೊಡಿಸಿ ಹೋಗುತ್ತಾರೆ. ಆಟ ಅಲ್ಲಿಂದ ಶುರು. ಕೈಗವಸು ಹೆಬ್ಬೆರಳು ಮಡಿಸಿ ಪುಟಿದು ಗೂಟದಿಂದ ಗೂಟಕ್ಕೆ, ಮನೆಯಿಂದ ಮನೆಗೆ ತನ್ನ ಬಲಗೈ ಜೋಡಿಯನ್ನು ಹುಡುಕುತ್ತಾ ಹೋಗುತ್ತದೆ. ಆಟದಲ್ಲಿ ಒಂದೇ ಒಂದು ಮಾತಿಲ್ಲ, ಒಂದು ಅಕ್ಷರದ ಸೂಚನೆಯೂ ಇಲ್ಲ.

ಮೊದಲ ಗಂಟೆ ನಾನು ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಶಾಲೆಯ ಕೋಟುಗೂಟಗಳ ಕೋಣೆಯಲ್ಲಿ ನೂರಾರು ಕೋಟುಗಳ ತೋಳು ಹಿಡಿದು ತೂಗುತ್ತಾ ದಾಟಬೇಕು. ಪ್ರತಿ ಕೋಟಿನ ಜೇಬಿನಲ್ಲೂ ಒಂದೊಂದು ಸಂಸಾರ. ಮೂರನೇ ಹಂತ ವಠಾರದ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆ. ಅಲ್ಲಿ ಹಲಗೆಗಳೇ ಇಲ್ಲ, ಬಾಡಿಗೆದಾರರು ಒಬ್ಬರಿಗೊಬ್ಬರು ಗೋಡೆಗೆ ಅಂಟಿಸಿದ ಸಿಟ್ಟಿನ ಚೀಟಿಗಳ ಮೇಲೆ ಕಾಲಿಡಬೇಕು. ಸಿಟ್ಟು ಹೆಚ್ಚಿದ್ದಷ್ಟೂ ಚೀಟಿ ಗಟ್ಟಿ. ನಯವಾಗಿ ಬರೆದದ್ದರ ಮೇಲೆ ನಿಂತರೆ ಹರಿದು ಕೆಳಗೆ ಬೀಳುತ್ತೀರಿ. ಇದನ್ನು ಕಲ್ಪಿಸಿದವರು ವಠಾರದಲ್ಲಿ ಬೆಳೆದವರೇ ಇರಬೇಕು. ನಾನು ಒಬ್ಬನೇ ಕೂತು ಗಟ್ಟಿಯಾಗಿ ನಕ್ಕೆ.

ದೋಷಗಳೂ ಇದ್ದವು. ನಡುವೆ ಬರುವ ಕಾಗೆಯ ಜೊತೆ ಮೂರು ಸಲ ಕಾದಾಡಬೇಕು, ಮೂರೂ ಸಲ ಅದೇ ಕಾಗೆ, ಅದೇ ಕುಕ್ಕು. ಅಕಾರ್ಡಿಯನ್ನಿನ ಒಂದೇ ರಾಗ ಕಿವಿಯಲ್ಲಿ ಕೊರೆಯುತ್ತದೆ. ಗ್ರಂಥಾಲಯದ ಹಂತದಲ್ಲಿ ಕೈಗವಸು ಮುಂದೆ ಓಡಿದರೆ ಪರದೆಯ ನೋಟ ಹಿಂದೆ ಉಳಿದುಬಿಡುತ್ತದೆ. ಇವೆಲ್ಲ ಸೇರಿದರೂ ಒಂದಂಕ ಕಳೆದರೆ ಹೆಚ್ಚು. ಪ್ರತಿ ಮನೆಯ ಹೊಸ್ತಿಲಲ್ಲೂ ಒಂದು ಕಬ್ಬಿಣದ ಒಲೆ, ಅದರ ಮೇಲೆ ಒಂದು ಹಗ್ಗ. ಹಗ್ಗ ಮುಟ್ಟಿದರೆ ಕೈಗವಸು ಅದಕ್ಕೆ ನೇತುಬೀಳುತ್ತದೆ, ಗಡಿಯಾರ ಟಿಕ್ ಟಿಕ್ ಅನ್ನುತ್ತದೆ, ಮತ್ತೇನೂ ಆಗುವುದಿಲ್ಲ. ಬಟನ್ ಒತ್ತಿ ಮುಂದೆ ಹೋಗಬಹುದು. ಮೊದಲನೆಯದನ್ನು ನಾಲ್ಕು ಸೆಕೆಂಡು ನೋಡಿದೆ, ಆಮೇಲಿನವನ್ನೆಲ್ಲ ಬಟನ್ ಒತ್ತಿ ದಾಟಿದೆ. ಅಲಂಕಾರ ಚೆನ್ನಾಗಿದೆ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಆಟ ಸಾಗಿದಂತೆ ಕೈಗವಸಿನ ಕೆಂಪು ನಿಧಾನವಾಗಿ ಗಾಢವಾಗುತ್ತಿತ್ತು. ಅದಕ್ಕೂ 'ಸಂಜೆ ಬೆಳಕಿನ ಕೆಲಸ ಅದ್ಭುತ' ಎಂದು ಬರೆದೆ.

ತೊಂದರೆ ಎರಡನೇ ಮನೆಯಿಂದ ಶುರುವಾಯಿತು. ನೆಗೆತ ತಡವಾಗತೊಡಗಿತು. ಬಟನ್ ಒತ್ತುತ್ತೇನೆ, ಕೈಗವಸು ಒಂದು ಗಳಿಗೆ ಯೋಚಿಸಿ ಆಮೇಲೆ ಪುಟಿಯುತ್ತದೆ. ಬಟ್ಟೆ ಒಗೆಯುವ ಕೋಣೆಯಲ್ಲಿ ಎರಡು ಯಂತ್ರಗಳ ನಡುವಿನ ಅಂತರದಲ್ಲಿ ನಲವತ್ತೊಂದು ಸಲ ಬಿದ್ದೆ. ನಲವತ್ತೆರಡನೆಯದರಲ್ಲಿ ದಾಟಿದ್ದು ನನ್ನ ಹೆಚ್ಚುಗಾರಿಕೆಯಲ್ಲ, ತಪ್ಪಿ ಒತ್ತಿದ್ದೆ. ಬೇರೆ ಟಿವಿಗೆ ಹಾಕಿ ನೋಡಿದೆ. ಬೇರೆ ಕಂಟ್ರೋಲರ್ ಹಿಡಿದೆ. ಮೊದಲಿಂದ ಶುರುಮಾಡಿದೆ. ಮೊದಲ ಮನೆಯಲ್ಲಿ ಚುರುಕು, ಎರಡನೆಯದರಿಂದ ತಡ. ಆಟ ಮುಂದೆ ಹೋದಂತೆ ಯಂತ್ರಕ್ಕೆ ಏದುಸಿರು ಬರುತ್ತಿದೆ ಎಂದು ಒಂದು ಮನಸ್ಸು ಹೇಳಿತು. ಏದುಸಿರು ಯಾರಿಗೆ ಎಂದು ಇನ್ನೊಂದು ಕೇಳಿತು.

ಆ ಎರಡನೇ ಪ್ರಶ್ನೆ ನನಗೆ ಬೇಕಾಗಿರಲಿಲ್ಲ. ಮಂಗಳವಾರ ಸಂಜೆ ಹೊರಡುವ ಮುಂಚೆ ಚೀಟಿ ಬರೆದೆ. ನೆಗೆತ ಸರಿ ಇದ್ದಿದ್ದರೆ ಒಂಬತ್ತು ಕೊಡುತ್ತಿದ್ದೆ. ಐದು ಎಂದು ಬರೆದು ಡಬ್ಬಿಗೆ ಹಾಕಿದೆ. ನಿಜ ಹೇಳಬೇಕೆಂದರೆ ಅದರಲ್ಲಿ ಸೇಡು ಇತ್ತು. ತಪ್ಪು ಆಟದ್ದು ಎಂದು ಅಚ್ಚಾಗಿಬಿಟ್ಟರೆ ನನ್ನದಲ್ಲ ಎಂದಾಗುತ್ತದಲ್ಲ.

ಬುಧವಾರ ಗುನ್ವೋರಳ ಗಂಟೆ. ಇದೂ ಪತ್ರಿಕೆ ಶುರುಮಾಡಿದವನು ಬಿಟ್ಟುಹೋದ ಪದ್ಧತಿಯೇ. ಪ್ರತಿ ದೊಡ್ಡ ವಿಮರ್ಶೆಯ ಪಕ್ಕದಲ್ಲಿ ಒಂದು ಚೌಕ ಇರುತ್ತದೆ, ಅದರಲ್ಲಿ ಆಟವಾಡಲು ಬಾರದವರೊಬ್ಬರು ಒಂದು ಗಂಟೆ ಆಡಿ ಕಂಡದ್ದನ್ನು ಬರೆಯಬೇಕು. ಹತ್ತೊಂಬತ್ತು ವರ್ಷಗಳಿಂದ ಅದನ್ನು ಬರೆಯುತ್ತಿರುವವಳು ನಮ್ಮ ಕರಡು ತಿದ್ದುವ ಗುನ್ವೋರ್. ಅರವತ್ತೆಂಟು ವಯಸ್ಸು, ಉತ್ತರದ ಕಾಡಂಚಿನವಳು, ಮಾತು ಎಣಿಸಿದಷ್ಟು. ಬರುವ ಬೇಸಿಗೆಗೆ ನಿವೃತ್ತಿ. ಇಷ್ಟು ವರ್ಷದಲ್ಲಿ ಅವಳು ಒಂದು ಆಟವನ್ನೂ ಮುಗಿಸಿಲ್ಲ, ಆಟ ಕಲಿತೂ ಇಲ್ಲ. ಕಂಟ್ರೋಲರನ್ನು ಒಲೆಯಿಂದ ಇಳಿಸಿದ ಬಿಸಿ ಪಾತ್ರೆಯಂತೆ ಎರಡೂ ಕೈಯಲ್ಲಿ ದೂರ ಹಿಡಿಯುತ್ತಾಳೆ. ಅವಳು ಆಡುವಾಗ ಯಾರೂ ಬಾಯಿ ಬಿಡಬಾರದು, ಅದು ನಿಯಮ.

ಅಂದು ಬೆಳಗ್ಗೆ ಹಿಮ ಜಿನುಗುತ್ತಿತ್ತು. ಎಲ್ಲರಂತೆ ನಾನೂ ಬಾಗಿಲಲ್ಲೇ ಒದ್ದೆ ಕೈಗವಸು ಕಳಚಿ ಬಿಸಿಗಾಳಿಯಲ್ಲಿ ಒಣಗಿಸುವ ಬೀರುವಿನೊಳಗೆ ನೇತುಹಾಕಿ, ಅದರ ಗುಂಡಿ ತಿರುಗಿಸಿ, ಒಳಗೆ ಬಂದು ಕೂತೆ. ಗುನ್ವೋರ್ ಆಗಲೇ ಶುರುಮಾಡಿದ್ದಳು. ನಾನು ಚಿತ್ರಗಳಿಗೆ ಅಡಿಬರಹ ಬರೆಯುವ ನೆಪದಲ್ಲಿ ಹಿಂದೆ ಕೂತು ನೋಡುತ್ತಿದ್ದೆ.

ಎಷ್ಟು ನಿಧಾನ ಅವಳದು! ಬೇಲಿಗೂಟದ ಮೇಲೆಯೇ ಐದು ನಿಮಿಷ. ಒಲೆ ಸಿಕ್ಕಲ್ಲೆಲ್ಲ ಕೈಗವಸನ್ನು ಹಗ್ಗಕ್ಕೆ ನೇತುಹಾಕಿ, ಕಂಟ್ರೋಲರ್ ಮೇಜಿನ ಮೇಲಿಟ್ಟು, ಕಾಫಿ ಕುಡಿಯುತ್ತಾ ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದಳು. ಗಂಟೆಯಲ್ಲಿ ಕಾಲುಭಾಗ ಹೀಗೇ ಪೋಲಾಯಿತು. ನನಗೆ ಮೈಯೆಲ್ಲ ಉರಿಯಿತು, ಆದರೆ ಬಾಯಿ ಬಿಡುವ ಹಾಗಿರಲಿಲ್ಲ. ಗಂಟೆ ಮುಗಿಯಲು ಆರು ನಿಮಿಷ ಇದ್ದಾಗ ಬಟ್ಟೆ ಒಗೆಯುವ ಕೋಣೆಗೆ ಬಂದಳು. ಎರಡು ಯಂತ್ರಗಳ ನಡುವಿನ ಆ ಅಂತರ. ಮೊದಲ ಸಲ ತಪ್ಪು ಬಟನ್ ಒತ್ತಿ ಬಿದ್ದಳು. ಎರಡನೇ ಸಲ ಬಟನ್ನನ್ನೇ ಒತ್ತದೆ ಬಿದ್ದಳು. ಮೂರನೇ ಸಲ ನಾಲಿಗೆ ಕಚ್ಚಿಕೊಂಡು ಒತ್ತಿದಳು. ಕೈಗವಸು ಹಗುರಾಗಿ ಪುಟಿದು ಆಚೆ ದಡದಲ್ಲಿ ನಿಂತಿತು.

"ಆಹಾ," ಎಂದಳು ಗುನ್ವೋರ್ ತನಗೆ ತಾನೇ.

ಲೋವಿಸಾ ತಲೆಯೆತ್ತಿ ಪರದೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ಆಮೇಲೆ ಬೇಗ ತನ್ನ ಮೇಜಿನ ಕಡೆ ತಿರುಗಿದಳು. ಸೋಮವಾರ ಅದೇ ಜಾಗದಲ್ಲಿ ನಾನು ಬೀಳುವುದನ್ನು ಅವಳು ಕಂಡಿದ್ದಳು. ಈ ಸಲ ಕನ್ನಡಕದ ಮಾತೆತ್ತಲಿಲ್ಲ. ಕನ್ನಡಕದ ಮಾತಾದರೂ ಆಡಿದ್ದರೆ ಚೆನ್ನಾಗಿತ್ತು.

ಊಟದ ಹೊತ್ತಿಗೆ ಹೊರಗೆ ಹೋದೆ. ಹೆಪ್ಪುಗಟ್ಟಿದ ಸರೋವರದ ಮೇಲೆ ಜನ ನಡೆದು ಮಾಡಿದ ಹಾದಿಯಲ್ಲಿ ಅರ್ಧದವರೆಗೆ ನಡೆದೆ. ಆಟ ಸರಿ ಇದೆ, ಅಂದರೆ ಕೈ ಕೆಟ್ಟಿದೆ. ಲೆಕ್ಕ ಇಷ್ಟೇ. ಅಳು ಬರುತ್ತದೇನೋ ಅಂದುಕೊಂಡಿದ್ದೆ, ಬರಲಿಲ್ಲ. ಬಂದದ್ದು ನಾಚಿಕೆ. ಅರವತ್ತೆಂಟರ ಮುದುಕಿ ಕಾಫಿ ಕುಡಿಯುತ್ತಾ ದಾಟಿದ ಜಾಗದಲ್ಲಿ ನಲವತ್ತೊಂದು ಸಲ ಬಿದ್ದು, ಆಟದ ಮೇಲೆ ಗೂಬೆ ಕೂರಿಸಿದ್ದೆ. ಮೂವರ ಐದು ವರ್ಷಕ್ಕೆ ನನ್ನ ಹೆಬ್ಬೆರಳಿನ ವಯಸ್ಸನ್ನು ಅಂಟಿಸಿದ್ದೆ. ಆ ಚೀಟಿ ಡಬ್ಬಿಯಲ್ಲಿತ್ತು.

ವಾಪಸ್ ಬಂದವನೇ ತ್ಯೂರೆಯ ಕೋಣೆಗೆ ಹೋದೆ.

"ನೆಗೆತದ ಆಟ ಲೋವಿಸಾಗೆ ಕೊಟ್ಬಿಡು. ಭಾರ ಆಗ್ತಿದೆ."

ತ್ಯೂರೆ ಕಿಟಕಿ ನೋಡಿದ. "ಮುಂದಿನ ತಿಂಗಳಿಂದಾನಾ?"

"ಹ್ಞೂಂ. ಮುಂದಿನ ತಿಂಗಳಿಂದ."

"ನೀನಾಗೇ ಹೇಳಿದ್ದು ಒಳ್ಳೇದಾಯ್ತು ನೋಡು," ಎಂದ ಅವನು. ಆ ಮಾತಿನಲ್ಲಿದ್ದ ನೆಮ್ಮದಿ ನನ್ನ ಎದೆಗೆ ಚುಚ್ಚಿತು. ಎಷ್ಟು ದಿನದಿಂದ ಕಾಯುತ್ತಿದ್ದನೋ ಏನೋ. ಬೇಡ ಕಣೋ ಎಂದು ಒಂದು ಮಾತಿಗಾದರೂ ಅನ್ನಬಹುದಿತ್ತು.

ಗುರುವಾರ ಬೆಳಗ್ಗೆ ಗುನ್ವೋರಳ ಬರಹ ನನ್ನ ಮೇಜಿಗೆ ಬಂತು. ಅವಳು ಎಲ್ಲರ ಕರಡು ತಿದ್ದುತ್ತಾಳೆ, ಅವಳ ಚೌಕವನ್ನು ಮಾತ್ರ ಆ ಆಟದ ವಿಮರ್ಶಕ ತಿದ್ದಬೇಕು. ಯಾವಾಗಲೂ ನೂರು ಪದ, ಯಾವಾಗಲೂ ಪೆನ್ಸಿಲಿನಲ್ಲಿ. ನಾನು ಬೇಸರದಿಂದಲೇ ಓದತೊಡಗಿದೆ. ಕಾಗೆ ಅವಳಿಗೆ ಇಷ್ಟವಾಗಿತ್ತು. ಬಟ್ಟೆ ಒಗೆಯುವ ಕೋಣೆಯ ಚೀಟಿಗಳನ್ನು ನೋಡಿ ತನ್ನ ವಠಾರದ ನೆನಪಾಯಿತಂತೆ. ಕೊನೆಯಲ್ಲಿ ಹೀಗಿತ್ತು: 'ಹಿಮದಲ್ಲಿ ಓಡಾಡಿದರೆ ಕೈಗವಸು ನೀರು ಕುಡಿದು ಭಾರವಾಗುತ್ತದೆ, ಸರಿಯಾಗಿ ನೆಗೆಯುವುದಿಲ್ಲ. ಒಲೆಯ ಮೇಲೆ ಒಣಗಿಸಿದರೆ ಮತ್ತೆ ಹಗುರ. ಒಣಗಲು ಮುಕ್ಕಾಲು ನಿಮಿಷ. ಆ ಹೊತ್ತಿನಲ್ಲಿ ಕಾಫಿ ಕುಡಿಯಬಹುದು.'

ಎರಡು ಸಲ ಓದಿದೆ. ಕಾಗದ ಹಿಡಿದುಕೊಂಡು ಅವಳ ಮೇಜಿನ ಹತ್ತಿರ ಹೋದೆ.

"ಇದು ನಿಂಗೆ ಯಾರ್ ಹೇಳಿದ್ರು?"

"ಯಾವ್ದು?"

"ಒಣಗಿಸ್ಬೇಕು ಅಂತ."

ಗುನ್ವೋರ್ ಕನ್ನಡಕ ಇಳಿಸಿ ನನ್ನನ್ನು ನೋಡಿದಳು. "ಯಾರಾದ್ರೂ ಹೇಳ್ಬೇಕಾ? ಅದು ಕಪ್ಪಾಗ್ತಿತ್ತು. ತೊಟ್ಟಿಕ್ತಾನೂ ಇತ್ತು. ಒಲೆ ಇತ್ತು, ಹಗ್ಗ ಇತ್ತು. ಒದ್ದೆ ಕೈಗವಸನ್ನ ಏನ್ ಮಾಡ್ತಾರೆ ಫೋಲ್ಕೆ?"

ನಾನು ಕಾಗದವನ್ನು ಅವಳ ಮೇಜಿನ ಮೇಲಿಟ್ಟೆ.

"ನೀನೇನ್ ಮಾಡ್ದೆ?" ಎಂದಳು.

"ಬಟನ್ ಒತ್ತಿ ದಾಟ್ದೆ."

"ಯಾಕೆ?"

"ದಾಟೋಕೆ ಬಿಡ್ತಿತ್ತಲ್ಲ, ಅದಕ್ಕೆ."

ಅವಳು ಕನ್ನಡಕ ಮತ್ತೆ ಏರಿಸಿಕೊಂಡು ತನ್ನ ಕರಡಿಗೆ ಮರಳಿದಳು. ನಾನು ಟಿವಿಯ ಮುಂದೆ ಕೂತು ಆಟ ಹಾಕಿದೆ. ಬಟ್ಟೆ ಒಗೆಯುವ ಕೋಣೆಯ ಬಾಗಿಲಲ್ಲಿ ಒಲೆ. ಹಗ್ಗ ಮುಟ್ಟಿದೆ, ಕೈಗವಸು ನೇತುಬಿತ್ತು. ಹೆಬ್ಬೆರಳು ತಾನಾಗಿಯೇ ಬಟನ್ನಿನ ಮೇಲೆ ಹೋಯಿತು. ಅದನ್ನು ತೆಗೆಯುವುದು ಅಷ್ಟು ಕಷ್ಟವಾಗುತ್ತದೆಂದು ಗೊತ್ತಿರಲಿಲ್ಲ. ಕೊನೆಗೆ ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಗಡಿಯಾರ ಟಿಕ್ ಟಿಕ್ ಅಂದಿತು. ಉಣ್ಣೆಯಿಂದ ಹನಿ ಬಿದ್ದು ಒಲೆಯ ಮೇಲೆ ಚುಂಯ್ ಅಂದಿತು, ಒಂದಾದ ಮೇಲೆ ಒಂದು, ಆಮೇಲೆ ಅಪರೂಪಕ್ಕೆ, ಆಮೇಲೆ ಇಲ್ಲ. ಆವಿ ಎದ್ದಿತು. ಒಲೆಯ ಹಿಂದಿನ ಗೋಡೆಯಲ್ಲಿದ್ದ ಕಿಟಕಿಯಾಚೆ ಒಬ್ಬ ಹೆಂಗಸು ಏನನ್ನೋ ಹುಡುಕುತ್ತಾ ರಸ್ತೆಯಲ್ಲಿ ಹೋದಳು. ಆಟ ಪೂರ್ತಿ ಮುಗಿಸಿದ್ದ ನಾನು ಆ ಹೆಂಗಸನ್ನು ನೋಡಿಯೇ ಇರಲಿಲ್ಲ. ಕೈಗವಸು ಮೊದಲಿನ ಕೆಂಪಿಗೆ ಬಂತು.

ಇಳಿದು, ಓಡಿ, ಒತ್ತಿದೆ. ಒತ್ತಿದ ಗಳಿಗೆಯಲ್ಲೇ ನೆಗೆಯಿತು. ಒಂದೇ ಸಲಕ್ಕೆ ಆಚೆ ದಡ. ಹಿಂದಕ್ಕೆ ಬಂದು ಮತ್ತೆ ದಾಟಿದೆ. ಕಣ್ಣು ಮುಚ್ಚಿಕೊಂಡು ದಾಟಿದೆ. ಹತ್ತಕ್ಕೆ ಹತ್ತು ಸಲ. ನನ್ನ ಕೈಗೆ ಏನೂ ಆಗಿರಲಿಲ್ಲ. ಎದ್ದು ಕುಣಿಯಬೇಕು ಅನ್ನಿಸಿತು, ಸುಳ್ಳೇಕೆ ಹೇಳಲಿ.

ಆ ಖುಷಿ ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಇತ್ತು. ಕೈ ಕೆಟ್ಟಿದ್ದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬಹುದಿತ್ತು. ಇದನ್ನು ಯಾರ ಮೇಲೆ ಹಾಕಲಿ? ದಿನಾ ಬೆಳಗ್ಗೆ ಬೀರುವಿನಲ್ಲಿ ಒದ್ದೆ ಕೈಗವಸು ನೇತುಹಾಕಿ ಬಂದು, ಪರದೆಯ ಮುಂದೆ ಕೂತು, ತೊಟ್ಟಿಕ್ಕುತ್ತಿದ್ದ ಕೈಗವಸನ್ನು ಸಂಜೆ ಬೆಳಕು ಎಂದು ಬರೆದುಕೊಂಡವನು ನಾನೇ. ಇಪ್ಪತ್ತಾರು ವರ್ಷದಲ್ಲಿ ಇನ್ನೂ ಎಷ್ಟು ಆಟಗಳಲ್ಲಿ ಎಷ್ಟು ಒಲೆಗಳನ್ನು ಹೀಗೆ ಬಟನ್ ಒತ್ತಿ ದಾಟಿದ್ದೇನೋ, ಆ ಸಾವಿರ ಚೀಟಿಗಳಲ್ಲಿ ಯಾವ ಯಾವುದು ಸುಳ್ಳೋ.

ಮೂರು ಗಂಟೆಗೆ ಎಲ್ಲರೂ ಅಡುಗೆಕೋಣೆಯಲ್ಲಿ ಸೇರಿದೆವು. ಚಳಿಗಾಲದ ಕೊನೆ, ನಮ್ಮಲ್ಲಿ ಕೆನೆ ತುಂಬಿದ ಬನ್ನುಗಳ ಕಾಲ. ತ್ಯೂರೆ ಮೂಗಿಗೆ ಸಕ್ಕರೆ ಪುಡಿ ಮೆತ್ತಿಕೊಂಡೇ ಡಬ್ಬಿ ಬೋರಲು ಹಾಕಿ ಒಂದೊಂದೇ ಚೀಟಿ ಓದಿದ. ಲೋವಿಸಾಳ ಓಟದ ಆಟಕ್ಕೆ ಏಳು. ಯಾವುದೋ ಒಗಟಿಗೆ ಎಂಟು.

"'ಒಂಟಿ ಕೈಗವಸು', ಫೋಲ್ಕೆ. ಐದು." ಅವನು ಹುಬ್ಬೇರಿಸಿದ. "ಐದಾ?"

ನಾನು ನಡೆದದ್ದನ್ನೆಲ್ಲ ಹೇಳಿದೆ. ಸೇಡಿನ ಮಾತನ್ನೂ ಬಿಡಲಿಲ್ಲ. ಮೊದಲು ಬಾಯಿ ಬಿಟ್ಟವಳು ಲೋವಿಸಾ.

"ಇದು ಆಟದ್ದೇ ತಪ್ಪಲ್ವಾ? ನಿಯಮ ಇದ್ಮೇಲೆ ಹೇಳ್ಬೇಕು. ಹಿಮಾನೇ ಬೀಳದ ದೇಶದಲ್ಲಿ ಕೂತು ಆಡೋನಿಗೆ ಹೆಂಗ್ ಗೊತ್ತಾಗ್ಬೇಕು? ನಂಗ್ ಕೇಳಿದ್ರೆ ಐದು ಸರಿಯಾಗೇ ಇದೆ."

ಅವಳು ನನ್ನನ್ನು ಉಳಿಸಲು ನೋಡುತ್ತಿದ್ದಳು. ನೆಗೆತದ ಆಟಗಳು ಅವಳಿಗೆಂದು ತೀರ್ಮಾನವಾಗಿ ಒಂದು ದಿನವೂ ಆಗಿರಲಿಲ್ಲ, ಆದರೂ. ಅವಳ ಮೇಲೆ ನಾಲ್ಕು ತಿಂಗಳಿಂದ ಇಟ್ಟುಕೊಂಡಿದ್ದ ಕಹಿ ಅಲ್ಲೇ ಇಳಿದುಹೋಯಿತು.

"ಒದ್ದೆ ಬಟ್ಟೆ ಎಲ್ಲಾ ದೇಶದಲ್ಲೂ ಒದ್ದೇನೇ," ಎಂದಳು ಗುನ್ವೋರ್.

"ಹಾಗಲ್ಲ, ದಾಟೋ ಬಟನ್ ಯಾಕಿಟ್ರು ಮತ್ತೆ? ದಾಟಿದ್ರೆ ಒಣಗಲ್ಲ ಅಂತಾದ್ರೂ ತೋರಿಸ್ಬೇಡ್ವಾ?"

"ಅದು ನಿಜ," ಎಂದೆ ನಾನು. "ಅದು ದೋಷಾನೇ. ಅದಕ್ಕೆ ಅರ್ಧ ಅಂಕ ಕಳೀಬಹುದು. ನಾಲ್ಕಲ್ಲ."

ತ್ಯೂರೆ ಚೀಟಿಯನ್ನು ಬೆರಳಲ್ಲಿ ತಿರುಗಿಸಿದ. "ಡಬ್ಬಿಯಿಂದ ಬಂದಿದ್ದು ಬದ್ಲಾಯ್ಸೋ ಹಾಗಿಲ್ಲ. ಗೊತ್ತಲ್ಲ ನಿಂಗೆ."

"ಬದ್ಲಾಯ್ಸು ಅಂದ್ನಾ ನಾನು?"

"ಇಲ್ಲ." ಅವನು ಈ ಸಲ ಕಿಟಕಿ ನೋಡಲಿಲ್ಲ. "ಕೈ ಸರಿ ಇದೆ ಅಂತಾಯ್ತಲ್ಲ. ನೆಗೆತದ ಆಟ ವಾಪಸ್ ತಗೋತೀಯಾ?"

ಲೋವಿಸಾ ಬನ್ನಿನ ಕೆನೆ ನೆಕ್ಕುತ್ತಾ ಹೆಗಲು ಕುಣಿಸಿದಳು. ನಾನೇನು ಸನ್ಯಾಸಿಯಲ್ಲ. ತಗೊಳ್ಳುತ್ತೇನೆ ಎಂದೆ. ಆಮೇಲೆ, ಯಾಕೆ ಹೇಳಿದೆನೋ ಗೊತ್ತಿಲ್ಲ, ಗುನ್ವೋರಳ ಕಡೆ ತಿರುಗಿ, "ನೀನು ಬೇಸಿಗೆಗೆ ಹೋಗ್ತೀಯಲ್ಲ, ನಿನ್ ಗಂಟೆನೂ ನಾನೇ ತಗೊಳ್ಳೋಣ ಅಂತ," ಎಂದೆ.

ಅವಳು ಸ್ವಲ್ಪ ಹೊತ್ತು ನಿಜಕ್ಕೂ ಯೋಚಿಸಿದಳು. "ನಿನ್ ಕೈಲಿ ಆಗಲ್ಲ," ಎಂದಳು. "ನಿಂಗೆ ಆಡೋಕೆ ಬರುತ್ತೆ."

ತ್ಯೂರೆ ನಕ್ಕ, ಲೋವಿಸಾ ನಕ್ಕಳು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ವಿಮರ್ಶೆಯನ್ನು ಅಂದೇ ಕೂತು ಬರೆದೆ. 'ಈ ಐದು ಆಟದ್ದಲ್ಲ, ನನ್ನದು' ಎಂದು ಶುರುಮಾಡಿ, ಒಲೆಯ ಕಥೆಯನ್ನು ಇದ್ದದ್ದು ಇದ್ದಂತೆ ಹೇಳಿದೆ. ಸಿಟ್ಟಿನ ಚೀಟಿಗಳನ್ನು ಹೊಗಳಿದೆ, ಕಾಗೆಯನ್ನು ಬೈದೆ, ದಾಟುವ ಬಟನ್ನಿನ ದೋಷ ಹೇಳಿದೆ. ಕೊನೆಯಲ್ಲಿ ಒಂದು ಉದ್ದನೆಯ ಪ್ಯಾರಾ, ವೃತ್ತಿ, ವಯಸ್ಸು, ಅವಸರ, ಕ್ಷಮೆ ಎಂದು ಏನೇನೋ. ಗುನ್ವೋರ್ ಕರಡು ತಿದ್ದಿ ಕಳಿಸಿದಾಗ ಆ ಪ್ಯಾರಾದ ಮೇಲೆ ಪೆನ್ಸಿಲಿನ ಒಂದೇ ಅಡ್ಡಗೆರೆ ಇತ್ತು. ಬೇರೆ ತಿದ್ದುಪಡಿ ಇರಲಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ಆ ಪ್ಯಾರಾ ತೆಗೆದೇ ಕಳಿಸಿದೆ.

ಪತ್ರಿಕೆ ಮಾರ್ಚಿನಲ್ಲಿ ಹೊರಬಂತು. ವಿಮರ್ಶೆಗಳ ಸರಾಸರಿ ಹಾಕುವ ಜಾಲತಾಣಗಳು ನನ್ನ ಐದನ್ನು ಎತ್ತಿಕೊಂಡವು, ಕೆಳಗಿನ ಮಾತನ್ನು ಎತ್ತಿಕೊಳ್ಳಲಿಲ್ಲ. ಆ ಮೂವರಿಗೆ ಅದು ನೋವು ಕೊಟ್ಟಿರಲೇಬೇಕು. ಅವರಿಗೆ ಕಾಗದ ಬರೆಯೋಣವೆಂದು ಎರಡು ಸಲ ಕೂತು ಎದ್ದೆ. ಈ ನಡುವೆ ಬಂದ ಎರಡು ಆಟಗಳನ್ನು ಏನನ್ನೂ ದಾಟದೆ ಆಡಿದೆ. ಹೆಚ್ಚಿನ ಒಲೆಗಳು ಬರೀ ಅಲಂಕಾರವೇ ಆಗಿದ್ದವು. ಲೇಖನಗಳು ತಡವಾದವು, ತ್ಯೂರೆ ಗೊಣಗಿದ.

ಏಪ್ರಿಲಿನ ಮೊದಲ ವಾರ, ಹಿಮವೂ ಮಳೆಯೂ ಒಟ್ಟಿಗೆ ಸುರಿಯುತ್ತಿದ್ದ ಬೆಳಗ್ಗೆ, ನನ್ನ ಹೆಸರಿಗೆ ಒಂದು ಮೆತ್ತನೆಯ ಕಟ್ಟು ಬಂದಿತ್ತು. ಅಂಚೆಯವನು ಮೆಟ್ಟಿಲ ಮೇಲೆ ಇಟ್ಟು ಹೋಗಿದ್ದ, ಕಾಗದ ನೆಂದು ಹರಿದಿತ್ತು. ಒಳಗೆ ಕೈಯಲ್ಲಿ ಹೆಣೆದ ಕೆಂಪು ಉಣ್ಣೆಯ ಕೈಗವಸು, ಒಂದೇ, ಎಡಗೈಯದು. ಅದರೊಳಗೆ ನಾಲ್ಕು ಮಡಿಕೆಯ ಚೀಟಿ. ನಮ್ಮ ಡಬ್ಬಿಯ ವಿಷಯ ಅವರಿಗೆ ಗೊತ್ತಿತ್ತೆಂದು ಕಾಣುತ್ತದೆ, ಏಕೆಂದರೆ ಮೇಲೆ ಅಂಕ, ಕೆಳಗೆ ಮೂವರ ಹೆಸರು.

'ನಿಮ್ಮ ವಿಮರ್ಶೆಗೆ ಹತ್ತಕ್ಕೆ ಆರು. ಗುಣ: ನೆಗೆಯಬೇಕಾದ ಕಡೆ ನೆಗೆದಿದೆ. ದೋಷ: ತಡವಾಗಿ.'

ನಾನು ಅದನ್ನು ಗುನ್ವೋರಳಿಗೆ ಕೊಟ್ಟೆ. ಓದಿ, "ನೀನು ಕೊಟ್ಟಿದ್ದಕ್ಕಿಂತ ಒಂದು ಜಾಸ್ತಿ," ಎಂದಳು. ಆಮೇಲೆ ಕೈಗವಸನ್ನು ಎತ್ತಿ ಹಿಂಡಿದಳು. ಎರಡು ಹನಿ ನೆಲಕ್ಕೆ ಬಿದ್ದವು.

ನಾನು ಅದನ್ನು ತೆಗೆದುಕೊಂಡು ಹೋಗಿ ಒಣಗಿಸುವ ಬೀರುವಿನಲ್ಲಿ ನೇತುಹಾಕಿ, ಗುಂಡಿ ತಿರುಗಿಸಿ, ಪಕ್ಕದಲ್ಲಿದ್ದ ಬೂಟು ಹಾಕಿಕೊಳ್ಳುವ ಪುಟ್ಟ ಬೆಂಚಿನ ಮೇಲೆ ಕೂತೆ. ಒಳಗಿನಿಂದ ತ್ಯೂರೆ ಲೇಖನ ಎಲ್ಲಿ ಎಂದು ಕೂಗಿದ. ಬರುತ್ತೆ ಎಂದೆ. ದಪ್ಪ ಉಣ್ಣೆ, ಪೂರ್ತಿ ಒಣಗಲು ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ನಾನು ಅಲ್ಲೇ ಕೂತಿದ್ದೆ.